ದನಿ ಮಾರಿದ ಚೆಟ್ಟಿಯಾರ್

ಹೋದ ವರ್ಷ ಅಪ್ಪ ಚೆನ್ನೈಗೆ ಬಂದಾಗ ಅವರಿಗೆ ಮರೀನಾ ಬೀಚೂ ಬೇಕಿರಲಿಲ್ಲ, ಕಪಾಲೀಶ್ವರ ದೇವಸ್ಥಾನವೂ ಬೇಕಿರಲಿಲ್ಲ. ರಾಜ್‌ಕುಮಾರ್ ಮೊದಲ ಸಲ ಹೀರೋ ಆಗಿ ಕ್ಯಾಮೆರಾ ಮುಂದೆ ನಿಂತ ಜಾಗ ಇದೇ ಊರಿನಲ್ಲಿದೆಯಂತಲ್ಲ, ಅದನ್ನು ತೋರಿಸು ಎಂದರು. ನಮ್ಮದು ಗುಬ್ಬಿ ತಾಲ್ಲೂಕು. ಗುಬ್ಬಿ ಕಂಪನಿಯ ಕತೆ ಕೇಳುತ್ತ ಬೆಳೆದವರು ಅಪ್ಪ. ‘ಬೇಡರ ಕಣ್ಣಪ್ಪ’ವನ್ನು ಹುಡುಗನಾಗಿದ್ದಾಗ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದರಂತೆ. ನಾನು ಏಳು ವರ್ಷದಿಂದ ಈ ಊರಿನಲ್ಲಿದ್ದೇನೆ, ವಾರಕ್ಕೆರಡು ಸಲವಾದರೂ ವಡಪಳನಿಯ ಆರ್ಕಾಟ್ ರಸ್ತೆಯಲ್ಲಿ ಬೈಕ್ ಓಡಿಸುತ್ತೇನೆ. ಎವಿಎಂ ಗೇಟಿನ ಮೇಲಿನ ಭೂಗೋಳ ನೋಡಿಯೇ ಎಡಕ್ಕೋ ಬಲಕ್ಕೋ ತಿರುಗುತ್ತೇನೆ. ಆದರೆ ಆ ಗೇಟಿನ ಒಳಗೆ ಕನ್ನಡದ ಪಾಲು ಇಷ್ಟೊಂದು ಇದೆ ಎಂದು ಗೊತ್ತಾದದ್ದು ಅಪ್ಪನ ದೆಸೆಯಿಂದ. ಅವರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ ಮನುಷ್ಯ, ಆ ಮೂರು ಅಕ್ಷರಗಳ ಒಡೆಯ, ಎ.ವಿ. ಮೆಯ್ಯಪ್ಪನ್.

ಮೆಯ್ಯಪ್ಪನ್ ಹುಟ್ಟಿದ್ದು 1907ರ ಜುಲೈ 28ರಂದು, ಕಾರೈಕುಡಿಯಲ್ಲಿ. ನಾಟುಕೋಟೆ ಚೆಟ್ಟಿಯಾರ್ ಮನೆತನ. ಈ ಜನರ ವ್ಯಾಪಾರ ಬರ್ಮಾ, ಮಲಯ, ಸಿಲೋನ್‌ವರೆಗೂ ಹಬ್ಬಿತ್ತು. ಸಾಲ ಕೊಡುವುದು, ಬಡ್ಡಿ ಲೆಕ್ಕ, ದೂರದೂರಿನ ಏಜೆಂಟು, ಇವೆಲ್ಲ ಅವರ ಮನೆಯ ಮಕ್ಕಳಿಗೆ ಮಗ್ಗಿಯ ಜೊತೆಗೇ ಬರುತ್ತಿದ್ದ ವಿದ್ಯೆ. ಮೆಯ್ಯಪ್ಪನ್ ಅವರ ತಂದೆ ಅವಿಚಿ ಚೆಟ್ಟಿಯಾರ್ ಮಾತ್ರ ಲೇವಾದೇವಿಗೆ ಹೋಗದೆ ಊರಿನಲ್ಲೇ ಅಂಗಡಿ ಇಟ್ಟಿದ್ದರು. ‘ಎ.ವಿ. ಅಂಡ್ ಸನ್ಸ್’ ಎಂಬ ಆ ಅಂಗಡಿಯಲ್ಲಿ ಮಾರುತ್ತಿದ್ದ ಸಾಮಾನುಗಳಲ್ಲಿ ಗ್ರಾಮಫೋನ್ ಪ್ಲೇಟುಗಳೂ ಇದ್ದವು. ಹುಡುಗ ಕಲಿತದ್ದು ಶಾಲೆಯಲ್ಲಿ ಕಡಿಮೆ, ಆ ಗಲ್ಲಾಪೆಟ್ಟಿಗೆಯ ಹಿಂದೆ ಹೆಚ್ಚು. ಯಾವ ಹಾಡಿನ ಪ್ಲೇಟು ಮೂರು ದಿನದಲ್ಲಿ ಖಾಲಿಯಾಗುತ್ತದೆ, ಯಾವುದು ಧೂಳು ಹಿಡಿಯುತ್ತದೆ ಎಂಬುದನ್ನು ಗಿರಾಕಿಯ ಮುಖ ನೋಡಿಯೇ ತಿಳಿಯುವ ಜಾಗ ಅದು.

ನನಗೆ ಇಲ್ಲಿಯೇ ಅವರ ಬದುಕಿನ ಬೀಜ ಕಾಣುತ್ತದೆ. ಸಿನಿಮಾಕ್ಕೆ ಬಂದ ಆ ಕಾಲದ ಹೆಚ್ಚಿನವರು ನಾಟಕದಿಂದ ಬಂದವರು. ಅವರಿಗೆ ನಟ ಎಂದರೆ ಮುಖ, ಮೈ, ದನಿ ಎಲ್ಲ ಸೇರಿದ ಒಬ್ಬ ಇಡೀ ಮನುಷ್ಯ. ಹಾಡಲು ಬಾರದವನು ನಾಯಕನಾಗುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಪ್ಲೇಟು ಮಾರುವ ಹುಡುಗನಿಗೆ ಹಾಗಲ್ಲ. ಅವನ ಅಂಗಡಿಯಲ್ಲಿ ದನಿ ಎಂಬುದು ಮನುಷ್ಯನಿಂದ ಬೇರೆಯಾಗಿ, ಕಾಗದದ ಲಕೋಟೆಯೊಳಗೆ ಕೂತು, ಬೆಲೆ ಚೀಟಿ ಅಂಟಿಸಿಕೊಂಡು ಬರುತ್ತಿತ್ತು.

ಮದ್ರಾಸಿಗೆ ಬಂದ ಮೆಯ್ಯಪ್ಪನ್ 1930ರ ದಶಕದ ಆರಂಭದಲ್ಲಿ ಕೆಲವು ಪಾಲುದಾರರ ಜೊತೆ ‘ಸರಸ್ವತಿ ಸ್ಟೋರ್ಸ್’ ಶುರು ಮಾಡಿದರು. ಜರ್ಮನಿಯ ಓಡಿಯನ್ ಕಂಪನಿಯ ಪ್ಲೇಟುಗಳ ವಿತರಣೆ ಇವರ ಕೈಗೆ ಬಂತು. ಬರೀ ಮಾರುವುದಷ್ಟೇ ಅಲ್ಲ, ಹಾಡುಗಾರರನ್ನು ಕರೆಸಿ ಪ್ಲೇಟು ಮಾಡಿಸುವುದೂ ಶುರುವಾಯಿತು. ಆಗ ತಾನೇ ಮಾತಾಡುವ ಚಿತ್ರಗಳು ಬಂದಿದ್ದವು. ಹಾಡು ಮಾರುವವನಿಗೆ ಹಾಡುವ ಚಿತ್ರ ತೆಗೆಯುವ ಆಸೆ ಬಾರದೆ ಇದ್ದೀತೆ?

ಆಸೆಯ ಬೆಲೆ ದೊಡ್ಡದೇ ಆಯಿತು. 1935ರಲ್ಲಿ ಕಲ್ಕತ್ತಾಕ್ಕೆ ಹೋಗಿ ‘ಅಲ್ಲಿ ಅರ್ಜುನಾ’ ತೆಗೆದರು. ಸೋತಿತು. ‘ರತ್ನಾವಳಿ’ ತೆಗೆದರು. ಅದೂ ಸೋತಿತು. ಇನ್ನೊಬ್ಬನಾಗಿದ್ದರೆ ಮತ್ತೆ ಕಾರೈಕುಡಿಯ ರೈಲು ಹತ್ತುತ್ತಿದ್ದನೇನೋ. ಇವರು ಜಯಂತಿಲಾಲ್ ಎಂಬ ಚಿತ್ರಮಂದಿರದ ಮಾಲೀಕರೊಂದಿಗೆ ಪಾಲು ಸೇರಿ ‘ಪ್ರಗತಿ’ ಎಂಬ ಸಂಸ್ಥೆ ಕಟ್ಟಿದರು. 1938ರಲ್ಲಿ ‘ನಂದಕುಮಾರ್’ ಬಂತು. ಅದರಲ್ಲಿ ದೇವಕಿಯ ಪಾತ್ರ ಮಾಡಿದ ನಟಿಯ ಹಾಡು ಮೆಯ್ಯಪ್ಪನ್ ಕಿವಿಗೆ ಒಪ್ಪಿಗೆಯಾಗಲಿಲ್ಲ. ನಟಿಯನ್ನು ಹಾಗೇ ಉಳಿಸಿಕೊಂಡು, ಲಲಿತಾ ವೆಂಕಟರಾಮನ್ ಎಂಬ ಗಾಯಕಿಯಿಂದ ಹಾಡಿಸಿ ಆ ದನಿಯನ್ನು ನಟಿಯ ಮುಖಕ್ಕೆ ಕೂರಿಸಿದರು. ತಮಿಳು ಚಿತ್ರರಂಗದ ಹಿನ್ನೆಲೆ ಗಾಯನದ ಚರಿತ್ರೆಯನ್ನು ಇಲ್ಲಿಂದಲೇ ಎಣಿಸುತ್ತಾರೆ.

ಕನ್ನಡದವರು ಈ ಕತೆಯೊಳಗೆ ಬರುವುದು ಇದರ ಹಿಂದೆಯೇ. 1934ರಲ್ಲಿ ತೆರೆಗೆ ಬಂದ ‘ಸತಿ ಸುಲೋಚನಾ’ ನಮ್ಮ ಮೊದಲ ವಾಕ್ಚಿತ್ರ. ಅದರಲ್ಲಿ ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ಇಬ್ಬರೂ ಸೇರಿ ‘ಸಾಹಿತ್ಯ ಸಾಮ್ರಾಜ್ಯ’ ನಾಟಕ ಮಂಡಳಿ ನಡೆಸುತ್ತಿದ್ದರು. ಅವರ ‘ಭೂಕೈಲಾಸ’ ನಾಟಕಕ್ಕೆ ಜನ ಮುಗಿಬೀಳುತ್ತಿದ್ದರು. ಮೆಯ್ಯಪ್ಪನ್ 1940ರಲ್ಲಿ ಅದನ್ನು ಸಿನಿಮಾ ಮಾಡಿದರು, ಅದೂ ತೆಲುಗಿನಲ್ಲಿ! ಹಣ ಹಾಕಿದವರು ತಮಿಳರು, ನಿರ್ದೇಶಕ ಸುಂದರರಾವ್ ನಾಡಕರ್ಣಿ ಮಂಗಳೂರಿನವರು, ರಾವಣ ಸುಬ್ಬಯ್ಯ ನಾಯ್ಡು, ನಾರದ ನಾಗೇಂದ್ರರಾಯರು, ನೋಡಿದವರು ಆಂಧ್ರದವರು. ಚಿತ್ರ ಭರ್ಜರಿಯಾಗಿ ಓಡಿತು. ಹೈದರಾಬಾದಿನಿಂದ ಪ್ರಾಜೆಕ್ಟು ತಂದು ಚೆನ್ನೈಯಲ್ಲಿ ಬೆಂಗಳೂರಿನವರಿಂದ ಮಾಡಿಸುವ ನಮ್ಮ ಆಫೀಸಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಅದೇ ತಂಡದಿಂದ ಕನ್ನಡದಲ್ಲೂ ಚಿತ್ರ ತೆಗೆಸಿದರು. 1941ರಲ್ಲಿ ‘ವಸಂತಸೇನಾ’, 1943ರಲ್ಲಿ ‘ಸತ್ಯ ಹರಿಶ್ಚಂದ್ರ’. ಈ ಹರಿಶ್ಚಂದ್ರ 1965ರ ರಾಜ್‌ಕುಮಾರ್ ಚಿತ್ರವಲ್ಲ. ಇದರಲ್ಲಿ ಸುಬ್ಬಯ್ಯ ನಾಯ್ಡು ಹರಿಶ್ಚಂದ್ರ, ಅವರ ಪತ್ನಿ ಲಕ್ಷ್ಮೀಬಾಯಿ ಚಂದ್ರಮತಿ, ನಿರ್ದೇಶನ ನಾಗೇಂದ್ರರಾಯರದು. ಯುದ್ಧದ ಕಾಲ ಅದು. ಕಚ್ಚಾ ಫಿಲ್ಮು ಬೇಕೆಂದರೆ ಸರ್ಕಾರದ ಪರವಾನಗಿ ಬೇಕು. ಅದೇ ಕತೆಯನ್ನು ತಮಿಳಿನಲ್ಲಿ ಹೊಸದಾಗಿ ತೆಗೆಯುವುದೆಂದರೆ ಫಿಲ್ಮು, ಸೆಟ್ಟು, ಸಂಬಳ ಎಲ್ಲವೂ ಮತ್ತೊಮ್ಮೆ. ಮೆಯ್ಯಪ್ಪನ್ ಆಗ ಮಾಡಿದ ಕೆಲಸ ಅಂಗಡಿಯ ಹುಡುಗನಿಗೆ ಮಾತ್ರ ಹೊಳೆಯುವಂಥದ್ದು. ಚಿತ್ರವನ್ನು ಹಾಗೇ ಇಟ್ಟುಕೊಂಡು ಕನ್ನಡದ ಮಾತನ್ನು ತೆಗೆದುಹಾಕಿ, ತುಟಿಯ ಚಲನೆಗೆ ಹೊಂದುವಂತೆ ತಮಿಳು ಮಾತು ಬರೆಸಿ, ಬೇರೆಯವರಿಂದ ಆಡಿಸಿ ಅಂಟಿಸಿದರು. 1944ರಲ್ಲಿ ಅದು ತಮಿಳು ‘ಹರಿಶ್ಚಂದ್ರ’ವಾಗಿ ಬಿಡುಗಡೆಯಾಯಿತು. ಭಾರತದ ಮೊದಲ ಡಬ್ಬಿಂಗ್ ಚಿತ್ರ ಎಂದು ಸಿನಿಮಾ ಚರಿತ್ರೆ ಬರೆಯುವವರು ಗುರುತಿಸುವುದು ಇದನ್ನೇ.

ಈ ಸಾಲನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಡಬ್ಬಿಂಗ್ ಎಂದರೆ ನಮ್ಮಲ್ಲಿ ಅದೆಷ್ಟು ದೊಡ್ಡ ಗಲಾಟೆ! 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರು ಬೀದಿಗಿಳಿದು, ಪರಭಾಷೆಯ ಚಿತ್ರಗಳು ಕನ್ನಡದ ಮಾತು ಹೊದ್ದು ಬರುವುದನ್ನು ನಿಲ್ಲಿಸಿದರು. ಕಾನೂನಿನಲ್ಲಿ ಇಲ್ಲದ ಆ ನಿಷೇಧ ಅರ್ಧ ಶತಮಾನ ನಡೆಯಿತು. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪೆಂದು ಹೇಳುವವರೆಗೂ ಗಟ್ಟಿಯಾಗಿತ್ತು. ಅಂಥ ಡಬ್ಬಿಂಗ್ ಶುರುವಾದದ್ದೇ ಕನ್ನಡದ ಚಿತ್ರವೊಂದರಿಂದ, ನಮ್ಮ ಕಲಾವಿದರ ಮುಖಗಳಿಂದ. ಅಂದು ಸರಕು ಇಲ್ಲಿಂದ ಅಲ್ಲಿಗೆ ಹೋಯಿತು, ಆಮೇಲೆ ಅಲ್ಲಿಂದ ಇಲ್ಲಿಗೆ ನುಗ್ಗತೊಡಗಿತು, ಬಾಗಿಲು ಹಾಕಿಕೊಳ್ಳಬೇಕಾಯಿತು. ಆ ಬಾಗಿಲು ಆಗ ಬೇಕಿತ್ತು ಎಂಬುದು ನನ್ನ ಅನಿಸಿಕೆ. ಇರುವ ಬೆರಳೆಣಿಕೆಯ ಕಲಾವಿದರೂ ತಂತ್ರಜ್ಞರೂ ಮದ್ರಾಸಿನ ಬಾಡಿಗೆ ಫ್ಲೋರುಗಳಲ್ಲಿ ಕೆಲಸಕ್ಕೆ ಕಾಯುತ್ತಿದ್ದ ಕಾಲ ಅದು. ಅದನ್ನು ಇಷ್ಟು ವರ್ಷ ಹಾಕಿಯೇ ಇಡಬೇಕಿತ್ತೇ ಎಂಬುದು ಬೇರೆ ಮಾತು, ಮನೆಯಲ್ಲಿ ಅಪ್ಪನಿಗೂ ನನಗೂ ಅದರಲ್ಲಿ ಒಮ್ಮತವಿಲ್ಲ.

ದನಿಯ ಈ ಆಟ ಅವರ ಕೈಯಲ್ಲಿ ಎಷ್ಟು ನಿಷ್ಠುರವಾಗಬಲ್ಲದು ಎಂಬುದಕ್ಕೆ 1945ರ ‘ಶ್ರೀವಳ್ಳಿ’ ಸಾಕ್ಷಿ. ಮುರುಗನ ಕತೆ, ಟಿ.ಆರ್. ಮಹಾಲಿಂಗಂ ನಾಯಕ, ಕುಮಾರಿ ರುಕ್ಮಿಣಿ ವಳ್ಳಿ. ಮಹಾಲಿಂಗಂ ಅವರ ಏರುಕಂಠದ ಮುಂದೆ ರುಕ್ಮಿಣಿಯ ದನಿ ಸಾಲದು ಎಂದು ಮೆಯ್ಯಪ್ಪನ್‌ಗೆ ಅನ್ನಿಸಿತು. ಆದರೆ ಚಿತ್ರ ಆಗಲೇ ಬಿಡುಗಡೆಯಾಗಿತ್ತು. ಪಿ.ಎ. ಪೆರಿಯನಾಯಕಿಯವರಿಂದ ಆ ಹಾಡುಗಳನ್ನೆಲ್ಲ ಹೊಸದಾಗಿ ಹಾಡಿಸಿ, ರುಕ್ಮಿಣಿಯ ದನಿ ಅಳಿಸಿ, ಹೊಸ ಪ್ರತಿಗಳನ್ನು ಕಳಿಸಿದರು. ಬಿಡುಗಡೆಯಾದ ಮೇಲೆ ಪ್ಯಾಚ್ ಕಳಿಸುವುದು ನಮ್ಮ ಸಾಫ್ಟ್‌ವೇರ್ ಮಂದಿಯ ಹಣೆಬರಹ ಎಂದುಕೊಂಡಿದ್ದೆ. ಚಿತ್ರ ದೊಡ್ಡ ಗೆಲುವು ಕಂಡಿತು. ವ್ಯಾಪಾರದ ಲೆಕ್ಕದಲ್ಲಿ ಅವರದೇ ಸರಿ. ಆದರೆ ಚಿತ್ರಮಂದಿರದಲ್ಲಿ ಕೂತು ತನ್ನ ತುಟಿಯಿಂದ ಇನ್ನೊಬ್ಬರ ದನಿ ಬರುವುದನ್ನು ಕೇಳಿದ ಆ ಹುಡುಗಿಗೆ ಏನನ್ನಿಸಿರಬಹುದು ಎಂದು ಯೋಚಿಸದೆ ಇರಲು ನನಗೆ ಆಗುವುದಿಲ್ಲ. ಆಫೀಸಿನಲ್ಲಿ ಇಂಗ್ಲಿಷು, ಆಟೋದವರ ಜೊತೆ ತಮಿಳು, ರಾತ್ರಿ ಫೋನಿನಲ್ಲಿ ಮಾತ್ರ ಕನ್ನಡ ಆಡುವ ನಮ್ಮಂಥವರಿಗೆ ಅದರ ಚೂರುಪಾರು ಅನುಭವ ಇದ್ದೇ ಇದೆ.

ಅದೇ 1945ರ ಅಕ್ಟೋಬರ್ 14ರಂದು ತಮ್ಮದೇ ಹೆಸರಿನಲ್ಲಿ ‘ಎವಿಎಂ ಪ್ರೊಡಕ್ಷನ್ಸ್’ ಶುರು ಮಾಡಿದರು. ಆದರೆ ಯುದ್ಧ ಮುಗಿದ ಕೊರತೆಯ ದಿನಗಳಲ್ಲಿ ಮದ್ರಾಸಿನಲ್ಲಿ ಸ್ಟುಡಿಯೋ ಕಟ್ಟುವುದು ಕೈಗೂಡಲಿಲ್ಲ. ಆಗ ಅವರು ಮಾಡಿದ್ದು ಇಂದಿನ ಯಾವ ಕಂಪನಿಯೂ ಮಾಡಲಾರದ ಕೆಲಸ. ಇಡೀ ಸಂಸ್ಥೆಯನ್ನೇ ಕಟ್ಟಿಕೊಂಡು ಹುಟ್ಟೂರಿನ ಕಡೆ ಹೊರಟರು! ಕಾರೈಕುಡಿಯ ಹತ್ತಿರ ದೇವಕೋಟೆ ರಸ್ತೆಯಲ್ಲಿ ಜಾಗ ಬಾಡಿಗೆಗೆ ಹಿಡಿದು, ಗುಡಿಸಲುಗಳನ್ನು ಹಾಕಿಸಿ, ಅಲ್ಲಿಯೇ ಸ್ಟುಡಿಯೋ, ಅಲ್ಲಿಯೇ ನಟನಟಿಯರ ವಾಸ. ಆ ಗುಡಿಸಲುಗಳಲ್ಲಿ ತಯಾರಾದ ‘ನಾಂ ಇರುವರ್’ 1947ರಲ್ಲಿ ಬಂತು. ಸ್ವಾತಂತ್ರ್ಯ ಬಾಗಿಲಲ್ಲಿತ್ತು, ಚಿತ್ರದ ತುಂಬ ಸುಬ್ರಹ್ಮಣ್ಯ ಭಾರತಿಯ ಹಾಡುಗಳು, ಗಾಂಧಿಯ ಹೊಗಳಿಕೆ. ಜನ ಹುಚ್ಚೆದ್ದು ನೋಡಿದರು.

ಆ ಹಾಡುಗಳ ಹಿಂದೆ ಒಂದು ವ್ಯವಹಾರವಿದೆ. ಭಾರತಿ ತೀರಿಕೊಂಡದ್ದು 1921ರಲ್ಲಿ, ಬಡತನದಲ್ಲಿ. ಅವರ ಹಾಡುಗಳನ್ನು ಧ್ವನಿಮುದ್ರಿಸುವ ಹಕ್ಕು ಕೈಯಿಂದ ಕೈಗೆ ದಾಟಿ ಒಬ್ಬ ಗ್ರಾಮಫೋನ್ ವ್ಯಾಪಾರಿಯ ಹತ್ತಿರ ಇತ್ತು. ಮೆಯ್ಯಪ್ಪನ್ ಅದನ್ನು ಕೊಂಡುಕೊಂಡರು. ಅಂದರೆ ರಾಷ್ಟ್ರಕವಿಯ ಹಾಡನ್ನು ಸಿನಿಮಾದಲ್ಲಿ ಹಾಡಬೇಕೆಂದರೆ ಒಬ್ಬ ಚೆಟ್ಟಿಯಾರರ ಅಪ್ಪಣೆ ಬೇಕು! ಟಿಕೆಎಸ್ ಸಹೋದರರು ತಮ್ಮ ಚಿತ್ರದಲ್ಲಿ ಭಾರತಿಯ ಹಾಡು ಬಳಸಿದಾಗ ಇವರು ತಕರಾರು ಎತ್ತಿದರು. ಭಾರತಿ ಎಲ್ಲರ ಸೊತ್ತು ಎಂಬ ಕೂಗು ತಮಿಳುನಾಡಿನಾದ್ಯಂತ ಎದ್ದಿತು. ಕೊನೆಗೆ 1949ರಲ್ಲಿ ಮದ್ರಾಸ್ ಸರ್ಕಾರ ಹಕ್ಕುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಾಗ ಮೆಯ್ಯಪ್ಪನ್ ತಮ್ಮ ಪಾಲನ್ನು ಒಂದು ಕಾಸೂ ಪಡೆಯದೆ ಬಿಟ್ಟುಕೊಟ್ಟರು. ಔದಾರ್ಯ ಎಂದು ಅವರ ಅಭಿಮಾನಿಗಳು ಹೇಳುತ್ತಾರೆ. ಅಷ್ಟು ದೊಡ್ಡ ಜನಾಭಿಪ್ರಾಯದ ಎದುರು ಹಟ ಹಿಡಿದರೆ ಅಂಗಡಿಗೆ ಗಿರಾಕಿ ಬರುವುದಿಲ್ಲ ಎಂಬ ಲೆಕ್ಕವೂ ಅದರಲ್ಲಿ ಇತ್ತೆಂದು ನನಗನಿಸುತ್ತದೆ. ಎರಡೂ ಒಟ್ಟಿಗೆ ಇರಬಾರದೆಂದೇನಿಲ್ಲ.

1948ರಲ್ಲಿ ಮತ್ತೆ ಮದ್ರಾಸಿಗೆ, ಈಗಿನ ಜಾಗಕ್ಕೆ ಬಂದರು. ಅಲ್ಲಿಂದ ಮುಂದೆ ಎವಿಎಂ ಎಂದರೆ ಒಂದು ಕಾರ್ಖಾನೆ. ಫ್ಲೋರು, ಧ್ವನಿಮುದ್ರಣ, ಲ್ಯಾಬು ಎಲ್ಲ ಒಂದೇ ಕಾಂಪೌಂಡಿನೊಳಗೆ. ತಮ್ಮ ಚಿತ್ರ ಇಲ್ಲದ ದಿನ ಫ್ಲೋರು ಬೇರೆಯವರಿಗೆ ಬಾಡಿಗೆಗೆ. ಸಂಗೀತಕ್ಕೆ ಆರ್. ಸುದರ್ಶನಂ ಖಾಯಂ. ಇನ್ನು ಕತೆ. ಒಂದು ಕತೆ ಒಂದು ಭಾಷೆಯಲ್ಲಿ ಗೆದ್ದರೆ ಅದನ್ನು ಎರಡನೆಯದಕ್ಕೆ, ಮೂರನೆಯದಕ್ಕೆ ಸಾಗಿಸುವುದು. 1949ರ ‘ವಾಳ್ಕೈ’ಯಲ್ಲಿ ವೈಜಯಂತಿಮಾಲಾ ಎಂಬ ಹುಡುಗಿಯನ್ನು ಪರಿಚಯಿಸಿದರು. ಅದೇ ಕತೆ ಮರುವರ್ಷ ತೆಲುಗಿನಲ್ಲಿ ‘ಜೀವಿತಂ’, 1951ರಲ್ಲಿ ಹಿಂದಿಯಲ್ಲಿ ‘ಬಹಾರ್’, ಮೂರರಲ್ಲೂ ಅದೇ ಹುಡುಗಿ. ಮದ್ರಾಸಿನಲ್ಲಿ ಕೂತು ಹಿಂದಿಯವರಿಗೆ ಚಿತ್ರ ಮಾಡಿ ಮಾರಬಹುದು ಎಂದು ತೋರಿಸಿದ ಮೊದಲಿಗರಲ್ಲಿ ಇವರೊಬ್ಬರು. ‘ಕಳತ್ತೂರ್ ಕಣ್ಣಮ್ಮ’ ಹಿಂದಿಯಲ್ಲಿ ‘ಮೈ ಚುಪ್ ರಹೂಂಗಿ’ ಆಯಿತು. ‘ಕುಳಂದೈಯುಂ ದೈವಮುಂ’ ತೆಲುಗಿಗೂ ಹೋಯಿತು, ಹಿಂದಿಯಲ್ಲಿ ‘ದೋ ಕಲಿಯಾ’ ಆಗಿಯೂ ಬಂತು. ಅಗಲಿದ ತಂದೆತಾಯಿಯನ್ನು ಕೂಡಿಸುವ ಅವಳಿ ಮಕ್ಕಳ ಆ ಕತೆ ಅಮೆರಿಕದ ಡಿಸ್ನಿ ಚಿತ್ರದಿಂದ ಬಂದದ್ದು. ಅತ್ತೆ, ಅತ್ತಿಗೆ, ತಂಗಿ, ಒಡೆಯುವ ಮನೆ, ಕೂಡುವ ಮನೆ, ಮಕ್ಕಳು. ಇಡೀ ಸಂಸಾರ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ನೋಡಿ ಯಾರೂ ಮುಜುಗರಪಡದೆ ಎದ್ದು ಹೋಗಬೇಕು, ಅಷ್ಟೇ ಅವರ ಅಳತೆಗೋಲು.

ಅವರ ಕಿವಿ ಚುರುಕು, ಆದರೆ ಕಣ್ಣು ಯಾವಾಗಲೂ ಸರಿಯಾಗಿ ಹೇಳಲಿಲ್ಲ. 1952ರ ‘ಪರಾಶಕ್ತಿ’ಗೆ ನ್ಯಾಷನಲ್ ಪಿಕ್ಚರ್ಸ್‌ನ ಪಿ.ಎ. ಪೆರುಮಾಳ್ ಪಾಲುದಾರರು, ಮಾತು ಬರೆದವರು ಕರುಣಾನಿಧಿ. ಪೆರುಮಾಳ್ ನಾಟಕದಿಂದ ಕರೆತಂದ ಗಣೇಶನ್ ಎಂಬ ಸಣಕಲು ಯುವಕ ಮೆಯ್ಯಪ್ಪನ್‌ಗೆ ಸುತರಾಂ ಹಿಡಿಸಲಿಲ್ಲ. ಅವನನ್ನು ತೆಗೆದು ಬೇರೆಯವರನ್ನು ಹಾಕಬೇಕೆಂದು ಬಹಳ ಒತ್ತಾಯಿಸಿದರು. ಪೆರುಮಾಳ್ ಜಗ್ಗಲಿಲ್ಲ. ಆ ಯುವಕ ಶಿವಾಜಿ ಗಣೇಶನ್. ಅವರು ಮೊದಲ ಶಾಟ್ ಕೊಟ್ಟ ಜಾಗದಲ್ಲಿ ಸ್ಟುಡಿಯೋದವರು ಆಮೇಲೆ ಸ್ಮಾರಕವನ್ನೇ ಕಟ್ಟಿದರು.

ಇನ್ನೊಂದು ಸೋಲು ನನಗೆ ಬಹಳ ಇಷ್ಟ. 1954ರ ‘ಅಂದ ನಾಳ್’. ಎಸ್. ಬಾಲಚಂದರ್ ನಿರ್ದೇಶನದ ಕೊಲೆ ಪ್ರಕರಣದ ಚಿತ್ರ, ಒಬ್ಬೊಬ್ಬ ಸಾಕ್ಷಿಯ ಬಾಯಲ್ಲಿ ಒಂದೊಂದು ಕತೆ. ಅದರಲ್ಲಿ ಹಾಡಿಲ್ಲ, ಕುಣಿತವಿಲ್ಲ. ಹಾಡಿನ ಪ್ಲೇಟು ಮಾರಿ ಮೇಲೆ ಬಂದ ಮನುಷ್ಯ, ಒಂದೇ ಒಂದು ಹಾಡಿಲ್ಲದ ಚಿತ್ರಕ್ಕೆ ದುಡ್ಡು ಹಾಕಿದರು! ಜನ ಒಪ್ಪಲಿಲ್ಲ, ಪ್ರಶಸ್ತಿ ಬಂತು, ಈಗ ತಮಿಳರು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಮೆಯ್ಯಪ್ಪನ್ ಮಾತ್ರ ಆಮೇಲೆ ಅಂಥ ಸಾಹಸಕ್ಕೆ ಹೋಗದೆ ಅತ್ತೆ ಸೊಸೆಯರ ಕಡೆಗೆ ಮರಳಿದರು.

ಅದೇ 1954ರಲ್ಲಿ ಅಪ್ಪನ ಚಿತ್ರ. ಗುಬ್ಬಿ ಕಂಪನಿಯವರು ರಂಗದ ಮೇಲೆ ಆಡುತ್ತಿದ್ದ ‘ಬೇಡರ ಕಣ್ಣಪ್ಪ’, ಜಿ.ವಿ. ಅಯ್ಯರ್ ಬರೆದದ್ದು. ಗುಬ್ಬಿ ಕಂಪನಿಯೂ ಒಂದು ಕುಟುಂಬದ ಸಂಸ್ಥೆಯೇ. ವೀರಣ್ಣನವರ ಹೆಂಡತಿ ಮಕ್ಕಳು ಎಲ್ಲ ಬಣ್ಣ ಹಚ್ಚುತ್ತಿದ್ದವರು. ಆದರೆ ಅವರ ಹತ್ತಿರ ಇದ್ದದ್ದು ಕತೆ, ಕಲಾವಿದರು, ಹೆಸರು. ಮೆಯ್ಯಪ್ಪನ್ ಹತ್ತಿರ ಇದ್ದದ್ದು ಫ್ಲೋರು, ಕ್ಯಾಮೆರಾ, ಲ್ಯಾಬು, ಹಂಚಿಕೆ. ಎರಡು ಸಂಸ್ಥೆಗಳೂ ಕೈಜೋಡಿಸಿದವು. ನಿರ್ದೇಶನ ಎಚ್.ಎಲ್.ಎನ್. ಸಿಂಹ. ಗುಬ್ಬಿ ಕಂಪನಿಯ ಮುತ್ತುರಾಜ ಈ ಚಿತ್ರದಲ್ಲಿ ರಾಜ್‌ಕುಮಾರ್ ಆದರು. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದರಲ್ಲಿ ನಟಿಸಿದರು. ಚಿತ್ರ ಗೆದ್ದ ಕೂಡಲೇ ಚೆಟ್ಟಿಯಾರರ ಹಳೆಯ ಲೆಕ್ಕ ಮತ್ತೆ ಓಡಿತು. ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’, ರಾಜ್ ಅವರೇ ನಾಯಕ. ಬೇರೆ ಭಾಷೆಯಲ್ಲಿ ಅವರು ನಾಯಕರಾದದ್ದು ಅದೊಂದೇ ಸಲ. 1955ರಲ್ಲಿ ಹಿಂದಿಯಲ್ಲಿ ‘ಶಿವಭಕ್ತ’. 1958ರಲ್ಲಿ ‘ಭೂಕೈಲಾಸ’ವನ್ನು ತೆಲುಗಿನಲ್ಲಿ ಎನ್‌ಟಿಆರ್, ಎಎನ್‌ಆರ್ ಅವರಿಂದ, ಕನ್ನಡದಲ್ಲಿ ರಾಜ್, ಕಲ್ಯಾಣಕುಮಾರ್ ಅವರಿಂದ ಮಾಡಿಸಿದರು. ಹದಿನೆಂಟು ವರ್ಷದ ಹಿಂದೆ ಕನ್ನಡ ನಾಟಕವಾಗಿ ಕೊಂಡ ಸರಕು ಹೀಗೆ ಸುತ್ತು ಹಾಕಿ ಕನ್ನಡ ಸಿನಿಮಾವಾಗಿ ಮನೆಗೆ ಬಂತು.

ನಮ್ಮವರದೇ ಕತೆ, ನಮ್ಮವರದೇ ಕಲೆ, ಹೋಗಿ ನಿಲ್ಲಬೇಕಾದದ್ದು ಮಾತ್ರ ಮದ್ರಾಸಿನ ಗೇಟಿನ ಮುಂದೆ. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಬರಲು 1960ರ ದಶಕವೇ ಬೇಕಾಯಿತು. ಇದಕ್ಕೆ ಮೆಯ್ಯಪ್ಪನ್ ಅವರನ್ನು ದೂರುವುದು ನ್ಯಾಯವಲ್ಲ. ಅವರು ವ್ಯಾಪಾರಿ, ಬಂದವರಿಗೆ ಬಾಗಿಲು ತೆರೆದರು. ನಮ್ಮಲ್ಲಿ ಯಾಕೆ ಒಬ್ಬ ಮೆಯ್ಯಪ್ಪನ್ ಹುಟ್ಟಲಿಲ್ಲ ಎಂದು ಕೇಳಿಕೊಳ್ಳಬೇಕಾದವರು ನಾವು.

ಅವರ ಕೊನೆಯ ಎರಡು ದಶಕಗಳನ್ನು ಬೇಗ ಹೇಳಿಬಿಡುತ್ತೇನೆ. 1960ರಲ್ಲಿ ‘ಕಳತ್ತೂರ್ ಕಣ್ಣಮ್ಮ’ದಲ್ಲಿ ಕಮಲ್ ಹಾಸನ್ ಎಂಬ ಮಗುವನ್ನು ತಂದರು. ಮಕ್ಕಳು ಒಬ್ಬೊಬ್ಬರಾಗಿ ಸಂಸ್ಥೆಯೊಳಗೆ ಬಂದರು. ಎಂಜಿಆರ್ ಅವರ ‘ಅನ್ಬೇ ವಾ’ದ ಹೊತ್ತಿಗೆ, ಅಂದರೆ 1966ಕ್ಕೆ, ಮಗ ಸರವಣನ್ ಮುಂದೆ ನಿಂತು ಕೆಲಸ ಮಾಡಿಸುತ್ತಿದ್ದರು. 1979ರ ಆಗಸ್ಟ್ 12ರಂದು ಮೆಯ್ಯಪ್ಪನ್ ತೀರಿಕೊಂಡರು. ಮರುವರ್ಷವೇ ಮಕ್ಕಳು ರಜನಿಕಾಂತ್ ಅವರ ‘ಮುರಟ್ಟು ಕಾಳೈ’ ತಂದು ಹೊಸ ತಲೆಮಾರಿನ ಗಿರಾಕಿಯನ್ನು ಹಿಡಿದರು. 2007ರ ‘ಶಿವಾಜಿ’ಯೂ ಅವರ ಮನೆಯದೇ. 2023ರಲ್ಲಿ ಸ್ಟುಡಿಯೋ ಆವರಣದಲ್ಲಿ ಹಳೆಯ ಕಾರು, ಕ್ಯಾಮೆರಾಗಳ ಮ್ಯೂಸಿಯಂ ತೆರೆದಿದ್ದಾರೆ.

ನಾನೂ ಅಪ್ಪನೂ ಹೋದ ದಿನ ಮೆಟ್ರೋ ಕಾಮಗಾರಿಯ ಧೂಳು, ಬಿಸಿಲು. ಗೇಟಿನ ಎದುರು ರಸ್ತೆಯ ಆಚೆ ನಿಂತು ಅಪ್ಪ ಆ ಭೂಗೋಳವನ್ನು ಬಹಳ ಹೊತ್ತು ನೋಡಿದರು, ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೇನೋ ಎಂದು ನನಗೆ ಭಯವಾಯಿತು. ಮನೆಗೆ ಬಂದು ಊಟ ಮಾಡುವಾಗ, ಓದಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಹಸಿದ ಬೇಡ ಕಾಡಿನಲ್ಲಿ ಶಿವನನ್ನು ಮೊರೆಯಿಡುವ ಆ ಹಾಡು ರಾಜ್ ಅವರ ದನಿಯಲ್ಲ, ತಮಿಳು ಗಾಯಕ ಸಿ.ಎಸ್. ಜಯರಾಮನ್ ಅವರದು ಎಂದೂ ಹೇಳಿದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ಅರವತ್ತು ವರ್ಷ ಆ ಹಾಡು ಗುನುಗಿದವರು ಅವರು. ನಾನು ಮೊಬೈಲಿನಲ್ಲಿ ಹಾಕಿ ಕೇಳಿಸಿದೆ, ಎರಡು ಸಲ ಕೇಳಿದರು. ಆಮೇಲೆ ಸಾರು ಬಡಿಸಿಕೊಳ್ಳುತ್ತ, ಈ ಕಂಪ್ಯೂಟರಿನವರು ಎಲ್ಲದರಲ್ಲೂ ತಪ್ಪು ಹುಡುಕುತ್ತಾರೆ ಎಂದು ನನ್ನ ಹೆಂಡತಿಯ ಹತ್ತಿರ ದೂರಿದರು. ಊರಿಗೆ ಹೋದ ಮೇಲೂ ಒಪ್ಪಿಕೊಂಡಿಲ್ಲ.